ಕೂಗಳತೆ ಎಷ್ಟು ದೂರ?

ಕಾಸರಗೋಡಿನ ಗುಡ್ಡೆ ಬಯಲುಗಳಲ್ಲಿ ಬಾಳಿದ ಹಿಂದಿನ ತಲೆಮಾರಿನವರಿಗೆ ‘ಕೂಗಳತೆಯ ದೂರ’ ಎಂಬುದು ಬರಿಯ ನುಡಿಗಟ್ಟಾಗಿರಲಿಲ್ಲ, ನಿಜವಾದ ಅಳತೆಯೇ ಆಗಿತ್ತು. ತೋಟದ ಆಚೆ ಬದಿಯ ಮನೆಯವರನ್ನು ಕರೆಯಬೇಕಾದರೆ ಅಂಗಳದ ತುದಿಗೆ ಬಂದು, ಬಾಯಿಯ ಇಕ್ಕೆಲದಲ್ಲಿ ಅಂಗೈ ಹಿಡಿದು, ‘ಕೂ...’ ಎಂದು ನೀಳವಾಗಿ ಕೂಗುತ್ತಿದ್ದರು. ಚುಟುಕಾಗಿ ಆಡಿದ ಮಾತು ಬಯಲು ದಾಟುವುದಿಲ್ಲ, ಎಳೆದು ಕೂಗಿದ್ದು ದಾಟುತ್ತದೆ ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಗುಡ್ಡೆಯ ಈ ಮಗ್ಗುಲಲ್ಲಿ ನಿಂತು ಆ ಮಗ್ಗುಲಿನವರನ್ನು ಕರೆದು ಫಲವಿಲ್ಲ, ನೆತ್ತಿಗೆ ಹತ್ತಬೇಕು ಎಂಬುದೂ ಆಟಿಯ ಮಳೆಯಲ್ಲಿ ಕೂಗಳತೆ ಕುಗ್ಗುತ್ತದೆ ಎಂಬುದೂ ಅನುಭವದಿಂದ ಬಂದ ತಿಳಿವಳಿಕೆಗಳೇ.

ಶಾಲೆಯ ಪ್ರಯೋಗಾಲಯಗಳಿಗೂ ಕೃಷಿಕರ ತೋಟಗಳಿಗೂ ಈಗ ಬರತೊಡಗಿರುವ ದೂರವ್ಯಾಪ್ತಿಯ ನಿಸ್ತಂತು ಸಂವೇದಕಗಳು ನಡೆಯುವುದೂ ಈ ಮೂರು ಮಾತುಗಳ ಮೇಲೆಯೇ. ಇವುಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿರುವುದು ಲೋರಾ ಎಂಬ ವಿಧಾನ. ಫ್ರಾನ್ಸಿನ ಗ್ರೆನೋಬಲ್ ನಗರದ ಸೈಕ್ಲಿಯೋ ಎಂಬ ಪುಟ್ಟ ಸಂಸ್ಥೆ ಇದನ್ನು ರೂಪಿಸಿತು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕಂಪನಿ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಚಿತ್ರವನ್ನಾಗಲಿ ಹಾಡನ್ನಾಗಲಿ ಇದು ಸಾಗಿಸಲಾರದು. ಮಳೆಯ ಪ್ರಮಾಣ, ಮಣ್ಣಿನ ತೇವ, ಕೆರೆಯ ನೀರಿನ ಮಟ್ಟ ಎಂಬಂಥ ನಾಲ್ಕಾರು ಅಂಕಿಗಳನ್ನಷ್ಟೆ, ಪುಟ್ಟ ಬ್ಯಾಟರಿಯ ಬಲದಿಂದ, ಕಿಲೋಮೀಟರುಗಟ್ಟಲೆ ಆಚೆಗೆ ದಾಟಿಸಬಲ್ಲದು. ಸಿಮ್ ಬೇಡ, ಹತ್ತಿರ ಮೊಬೈಲ್ ಗೋಪುರ ಬೇಡ. ತೋಟದಲ್ಲಿರುವ ಉಪಕರಣ ಕೂಗುತ್ತದೆ. ಎತ್ತರದ ಜಾಗದಲ್ಲಿ ಕುಳಿತಿರುವ ಗೇಟ್‌ವೇ ಎಂಬ ಪೆಟ್ಟಿಗೆ ಆ ಕೂಗನ್ನು ಕೇಳಿಸಿಕೊಂಡು ಅಂತರ್ಜಾಲಕ್ಕೆ ಒಪ್ಪಿಸುತ್ತದೆ.

ಇದು ಮಕ್ಕಳ ಆಟಿಕೆಯ ವಿಷಯವಲ್ಲ ಎಂಬುದಕ್ಕೆ ವಯನಾಡೇ ಸಾಕ್ಷಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ನೂರಾರು ಜನ ಮಣ್ಣುಪಾಲಾದರು. ಅದಕ್ಕೆ ಮೊದಲಿನ 48 ಗಂಟೆಗಳಲ್ಲಿ ಅಲ್ಲಿ ಸುರಿದದ್ದು 572 ಮಿಲಿಮೀಟರು ಮಳೆ. ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಜಿಲ್ಲೆಯ ಉದ್ದಗಲಕ್ಕೂ ಸ್ಥಳೀಯರ ನೆರವಿನಿಂದ ಇರಿಸಿರುವ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲದಲ್ಲಿ ಪುತ್ತುಮಲೆಯ ಅಂಕಿಯೂ ಇತ್ತು. ಹಿಂದಿನ ದಿನ ಬೆಳಗ್ಗೆಯೇ ಕೇಂದ್ರವು ಆಡಳಿತಕ್ಕೆ ಎಚ್ಚರಿಕೆಯನ್ನೂ ನೀಡಿತ್ತು. ಎಂದಮೇಲೆ ಊರವರೇ ಅಳೆದ ಮಳೆ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕೈಯಿಂದ ಓದುವ ಮಳೆಮಾಪಕವನ್ನು ವಾಡಿಕೆಯಂತೆ ನೋಡುವುದು ಬೆಳಗ್ಗೆ 8.30ಕ್ಕೆ ಒಮ್ಮೆ. ರಾತ್ರಿ ಎರಡು ಗಂಟೆಗೆ ಮಳೆ ಬಿರುಸಾದರೆ ಅದು ಪುಸ್ತಕಕ್ಕೆ ಏರುವುದು ಮರುದಿನ. ಈ ತೆರಪನ್ನು ತುಂಬಬಲ್ಲದ್ದು ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ ವರದಿ ಒಪ್ಪಿಸುವ ಮಾಪಕ. ಅದರ ಕೂಗು ಗೇಟ್‌ವೇಗೆ ಮುಟ್ಟುತ್ತದೆಯೇ ಎಂಬುದೊಂದೇ ಮುಂದಿನ ಪ್ರಶ್ನೆ.

ಲೋರಾದ ಕೂಗು ಹೇಗಿರುತ್ತದೆ? ಭಾಗವತರು ಒಂದೇ ಉಸಿರಿನಲ್ಲಿ ಮಂದ್ರದಿಂದ ತಾರಕ್ಕೆ ಸ್ವರವನ್ನು ಜಾರಿಸುವುದನ್ನು ನೆನೆದರೆ ಸಾಕು. ಸಂಕೇತದ ಆವೃತ್ತಿಯು ಒಂದು ಕಿರಿದಾದ ಪಟ್ಟಿಯ ಕೆಳತುದಿಯಿಂದ ಮೇಲ್ತುದಿಗೆ ಜಾರುತ್ತದೆ. ಆ ಜಾರುವಿಕೆ ಎಲ್ಲಿಂದ ಆರಂಭವಾಯಿತು ಎಂಬುದರಲ್ಲಿ ಅಂಕಿ ಅಡಗಿರುತ್ತದೆ. ಈ ಜಾಡನ್ನು ಬಲ್ಲ ಗ್ರಾಹಕವು ಸುತ್ತಲಿನ ಗದ್ದಲಕ್ಕಿಂತ ನೂರು ಪಾಲು ಕ್ಷೀಣವಾದ ದನಿಯನ್ನೂ ಹೆಕ್ಕಿ ತೆಗೆಯುತ್ತದೆ. ಎಷ್ಟು ಎಳೆದು ಕೂಗಬೇಕು ಎಂಬುದಕ್ಕೆ ಎಸ್‌ಎಫ್ 7ರಿಂದ ಎಸ್‌ಎಫ್ 12ರ ವರೆಗೆ ಆರು ಮೆಟ್ಟಿಲುಗಳಿವೆ. ಹತ್ತು ಅಕ್ಷರಗಳಷ್ಟು ಮಾಹಿತಿಯನ್ನು 7ನೆಯ ಮೆಟ್ಟಿಲಿನಲ್ಲಿ ಸುಮಾರು 62 ಮಿಲಿಸೆಕೆಂಡಿನಲ್ಲಿ ಹೇಳಿ ಮುಗಿಸಬಹುದು. ಅದನ್ನೇ 12ರಲ್ಲಿ ಹೇಳಲು ಹತ್ತಿರ ಹತ್ತಿರ ಒಂದೂವರೆ ಸೆಕೆಂಡು ಬೇಕು. ದೂರ ಹೆಚ್ಚಿತು, ಜತೆಗೆ ಬ್ಯಾಟರಿಯ ಖರ್ಚೂ ಇಪ್ಪತ್ತನಾಲ್ಕು ಪಟ್ಟಾಯಿತು.

ಮಾರುವವರು ದೂರವನ್ನಷ್ಟೆ ಹೇಳುತ್ತಾರೆ. ‘ಹದಿನೈದು ಕಿಲೋಮೀಟರು’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಇನ್ನೂ ದೊಡ್ಡ ಅಂಕಿ ಬೇಕೆನ್ನುವವರು 2017ರ ದಾಖಲೆಯನ್ನು ಎತ್ತಿ ತೋರಿಸುತ್ತಾರೆ: ನೆದರ್ಲೆಂಡ್ಸ್‌ನಿಂದ ಹಾರಿಬಿಟ್ಟ ಬಲೂನೊಂದರಲ್ಲಿದ್ದ, ಕೇವಲ 25 ಮಿಲಿವ್ಯಾಟ್ ಬಲದ ಪುಟ್ಟ ಉಪಕರಣದ ಕೂಗು 702 ಕಿಲೋಮೀಟರು ದೂರದ ಪೋಲೆಂಡಿನ ಗೇಟ್‌ವೇಗೆ ಕೇಳಿಸಿತು. ಸುಳ್ಳಲ್ಲ. ಆದರೆ ಆಗ ಬಲೂನು 38 ಕಿಲೋಮೀಟರಿಗೂ ಮೇಲಿತ್ತು. ನೆಲದಿಂದ ಎಷ್ಟು ಎತ್ತರದಲ್ಲಿ ನಿಂತರೆ ದಿಗಂತ ಎಷ್ಟು ದೂರ ಎಂಬುದಕ್ಕೆ ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಲೆಕ್ಕವೊಂದಿದೆ: ಮೀಟರುಗಳಲ್ಲಿ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರುಗಳಲ್ಲಿ ದಿಗಂತದ ದೂರ ಸಿಗುತ್ತದೆ. ಬಲೂನಿನ ಎತ್ತರವಾದ 38,772 ಮೀಟರಿಗೆ ಈ ಲೆಕ್ಕ ಮಾಡಿದರೆ ಬರುವ ಉತ್ತರ 703. ದಾಖಲೆಯ ಅರ್ಥ ಇಷ್ಟೆ: ಬಲೂನು ಕಾಣುವಷ್ಟು ದೂರ ಕೂಗು ಕೇಳಿಸಿತು. ಒಂಬತ್ತು ಮೀಟರು ಎತ್ತರದ ಶಾಲಾ ಮಾಳಿಗೆಗೆ ಇದೇ ಲೆಕ್ಕದಲ್ಲಿ ಹನ್ನೊಂದು ಕಿಲೋಮೀಟರೂ ದಕ್ಕುವುದಿಲ್ಲ, ಅದೂ ನಡುವೆ ಗುಡ್ಡೆ, ತೋಟ, ಕಟ್ಟಡ ಯಾವುದೂ ಇಲ್ಲದ ಬೋಳು ನೆಲವಾದರೆ.

ನಮ್ಮ ನಾಡು ಬೋಳು ನೆಲವಲ್ಲ. ಅಡ್ಡಿಯೇ ಇಲ್ಲದಿದ್ದರೆ 25 ಮಿಲಿವ್ಯಾಟಿನ ಕೂಗು ಐದು ಕಿಲೋಮೀಟರು ಸಾಗಿ ಗೇಟ್‌ವೇಯನ್ನು ಮುಟ್ಟುವಾಗ, ಅದು ಕೇಳಿಸಿಕೊಳ್ಳಬಲ್ಲ ಕನಿಷ್ಠ ಮಟ್ಟಕ್ಕಿಂತ ಸುಮಾರು 40,000 ಪಟ್ಟು ಗಟ್ಟಿಯಾಗಿರುತ್ತದೆ. ಇಷ್ಟು ದೊಡ್ಡ ಗಂಟನ್ನು ಕರಗಿಸಲು ಒಂದು ಮುರಕಲ್ಲಿನ ಗುಡ್ಡೆ ಸಾಕು. ಗುಡ್ಡೆಯ ನೆತ್ತಿ ಕಣ್ಣಿಗೆ ಅಡ್ಡಬಾರದಿದ್ದರೂ ತೊಂದರೆ ತಪ್ಪಿದ್ದಲ್ಲ. ಏಕೆಂದರೆ ರೇಡಿಯೋ ತರಂಗವು ನೂಲಿನಂತೆ ನೇರವಾಗಿ ಹೋಗುವುದಿಲ್ಲ. ಎರಡು ತುದಿಗಳಲ್ಲಿ ಸಪುರವಾಗಿ ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಅವರ ಹೆಸರಿನಿಂದ ಕರೆಯುವ ಈ ವಲಯದ ನಡುಭಾಗವು ಐದು ಕಿಲೋಮೀಟರು ದೂರಕ್ಕೆ ಮೇಲಕ್ಕೂ ಕೆಳಕ್ಕೂ ಸುಮಾರು 21 ಮೀಟರು ಚಾಚಿರುತ್ತದೆ. ನಡುದಾರಿಯಲ್ಲಿ 15 ಮೀಟರಿನಷ್ಟು ಬೆಳೆದ ಅಡಿಕೆಮರಗಳ ತೋಟವಿದ್ದರೆ, ಗೇಟ್‌ವೇಯ ಕಂಬ ಬರಿಗಣ್ಣಿಗೆ ಕಂಡರೂ ಕೂಗು ಸೊರಗುತ್ತದೆ.

ಉಪಕರಣವನ್ನು ತರಿಸುವಾಗಲೇ ಒಂದು ಎಡವಟ್ಟು ಸಂಭವಿಸುವುದುಂಟು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯು ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಎಣಿಸಿತ್ತು. 2005ರ ನಿಯಮಗಳು 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ಒಂದು ವ್ಯಾಟ್ ವರೆಗಿನ ಅಲ್ಪಬಲದ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದವು; 2021ರಲ್ಲಿ ಪಟ್ಟಿಯನ್ನು 868ರ ವರೆಗೆ ವಿಸ್ತರಿಸಲಾಯಿತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 915 ಮೆಗಾಹರ್ಟ್ಸ್‌ನ ಬೋರ್ಡುಗಳು ಅಮೆರಿಕಕ್ಕೆಂದು ತಯಾರಾದವು. ಅವು ಬಳಸುವ ಪಟ್ಟಿಯ ಒಂದು ಭಾಗ ಇಲ್ಲಿ ಮೊಬೈಲ್ ಸೇವೆಗೆ ಮೀಸಲು. ಕೊಳ್ಳುವ ಮೊದಲು ‘ಐಎನ್ 865’ ಎಂಬ ಗುರುತನ್ನೂ ಕೇಂದ್ರ ಸರಕಾರದ ಉಪಕರಣ ಅನುಮೋದನೆಯನ್ನೂ ನೋಡಿಕೊಳ್ಳುವುದು ಶಾಲೆಗೆ ಕ್ಷೇಮ. ಇನ್ನೊಂದು ಮಾತು: ವಿನಾಯಿತಿಯೆಂದರೆ ಒಡೆತನವಲ್ಲ. ಗಾಳಿಯಲೆಗಳು ಸಾರ್ವಜನಿಕ ಸೊತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿದೆ. ವಿನಾಯಿತಿ ಪಡೆದ ಪಟ್ಟಿಯಲ್ಲಿ ಪರರಿಗೆ ಅಡಚಣೆ ಮಾಡಕೂಡದು, ಪರರಿಂದಾದ ಅಡಚಣೆಗೆ ರಕ್ಷಣೆಯನ್ನೂ ಕೇಳಲಾಗದು ಎಂಬುದು ನಿಯಮದ ಷರತ್ತು.

ಕೇರಳದ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟಗಳಿರುವುದರಿಂದ ಆರ್ಡುಯಿನೋ ಎಂಬ ಹೆಸರು ಅನೇಕ ಮಕ್ಕಳಿಗೆ ಪರಿಚಿತ. ಅದರ ಊನೋ ಬೋರ್ಡು 5 ವೋಲ್ಟಿನದು, ಲೋರಾದ ಬಿಲ್ಲೆಯೋ 3.3 ವೋಲ್ಟಿನದು, ನೇರವಾಗಿ ಜೋಡಿಸಿದರೆ ಬಿಲ್ಲೆ ಸುಟ್ಟೀತು. ಆಂಟೆನಾ ತಿರುಗಿಸಿ ಕೂರಿಸದೆ ಕರೆಂಟು ಕೊಟ್ಟರೂ ಅದೇ ಗತಿಯಾದೀತು. ಈ ಪಟ್ಟಿಯಲ್ಲಿ ತರಂಗದ ಉದ್ದ ಸುಮಾರು 34.6 ಸೆಂಟಿಮೀಟರು, ಅದರ ಕಾಲುಭಾಗ, ಅಂದರೆ ಒಂದು ಬೆರಳುದ್ದದ ತಂತಿಯೇ ಆಂಟೆನಾ. ಅದು ನೆಟ್ಟಗೆ ನಿಂತಿರಬೇಕು. ಗೇಟ್‌ವೇಯ ಆಂಟೆನಾ ಮಾಳಿಗೆಯ ತಗಡಿನ ಮಾಡಿಗಿಂತ ಮೇಲಿರಬೇಕೇ ಹೊರತು ಅಡಿಯಲ್ಲಿ ಅಲ್ಲ. ಎತ್ತರದ ಕಂಬ ನೆಟ್ಟಮೇಲೆ ಸಿಡಿಲುರಕ್ಷಕವೂ ಅರ್ತಿಂಗೂ ಇರಲೇಬೇಕು. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲನ್ನು ಕಂಡವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಇನ್ನು ಪರೀಕ್ಷೆ. ಗೇಟ್‌ವೇಯನ್ನು ಕೂರಿಸಿದ ದಿನ ಎಲ್ಲರೂ ಮಾಡುವುದೊಂದೇ: ಸಂವೇದಕವನ್ನು ಕಾರಿನಲ್ಲಿಟ್ಟು, ಮುಖ್ಯರಸ್ತೆಯಲ್ಲಿ ಹೋಗುತ್ತ, ಎಲ್ಲಿಯವರೆಗೆ ಸಂದೇಶ ಬಂತು ಎಂದು ನೋಡುವುದು. ಆರು ಕಿಲೋಮೀಟರು ಆಚೆಯಿಂದ ಒಂದು ಸಂದೇಶ ಬಂದುಬಿಟ್ಟರೆ ‘ಆರು ಕಿಲೋಮೀಟರು ವ್ಯಾಪ್ತಿ’ ಎಂದು ಬರೆದುಕೊಳ್ಳುವುದು. ನ್ಯಾಯಾಲಯದಲ್ಲಿ ಒಂದೇ ಪಕ್ಷದ ಸಾಕ್ಷಿಗಳನ್ನು ಕೇಳಿ ತೀರ್ಪು ಬರೆದಂತಾಯಿತು ಇದು. ಆ ಒಂದು ಸಂದೇಶಕ್ಕೆ ಮೊದಲು ಕಳುಹಿದ್ದು ಎಷ್ಟು, ದಾರಿಯಲ್ಲಿ ಕಳೆದುಹೋದದ್ದು ಎಷ್ಟು ಎಂಬುದನ್ನು ಯಾರೂ ಕೇಳಲಿಲ್ಲ.

ಕಳೆದುಹೋದದ್ದನ್ನು ಲೆಕ್ಕ ಹಿಡಿಯುವುದು ಕಷ್ಟವೇನಲ್ಲ. ಲೋರಾದ ಜಾಲದಲ್ಲಿ ಪ್ರತಿಯೊಂದು ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದೆ. 41, 42, 45 ಎಂದು ಬಂದಿದ್ದರೆ 43 ಮತ್ತು 44 ದಾರಿಯಲ್ಲಿ ಬಿದ್ದುಹೋದವು ಎಂದೇ ಅರ್ಥ. ಆದ್ದರಿಂದ ಮಳೆಮಾಪಕ ಇಡಬೇಕೆಂದಿರುವ ಜಾಗಗಳನ್ನು ಮೊದಲೇ ಗುರುತಿಸಿಕೊಂಡು, ಪ್ರತಿಯೊಂದು ಜಾಗದಲ್ಲಿಯೂ ನಿಂತು, ಇಪ್ಪತ್ತು ಸಂದೇಶ ಕಳುಹಿ, ಎಷ್ಟು ಮುಟ್ಟಿದವು ಎಂದು ಬರೆದುಕೊಳ್ಳಬೇಕು. ಮುಟ್ಟಿದವುಗಳ ಬಲವೆಷ್ಟು, ಗದ್ದಲಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂಬ ಎರಡು ಅಂಕಿಗಳನ್ನು ಗೇಟ್‌ವೇಯೇ ಕೊಡುತ್ತದೆ. ಬಲದ ಅಂಕಿ ಯಾವಾಗಲೂ ಸೊನ್ನೆಗಿಂತ ಕೆಳಗಿನದು: -80 ಎಂದರೆ ಹತ್ತಿರದ ಗಟ್ಟಿ ದನಿ, -120 ಎಂದರೆ ಸುಸ್ತಾದ ದನಿ. ಪ್ರತಿ ಹತ್ತು ಇಳಿದಾಗಲೂ ದನಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಉಪಕರಣವನ್ನು ಕಿಸೆಯಲ್ಲಿಟ್ಟುಕೊಂಡು ಅಳೆಯಬಾರದು. ಮೈಯೇ ಒಂದಿಷ್ಟು ನುಂಗುತ್ತದೆ. ಮಾಪಕ ಮುಂದೆ ಎಷ್ಟು ಎತ್ತರದಲ್ಲಿ ಕೂರುವುದೋ ಅಷ್ಟೇ ಎತ್ತರದಲ್ಲಿ ಇರಿಸಿ ಅಳೆಯಬೇಕು.

ಯಾವ ಮೆಟ್ಟಿಲಿನಲ್ಲಿ ಅಳೆಯಬೇಕು ಎಂಬುದು ಇದಕ್ಕಿಂತ ಮುಖ್ಯ. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಉತ್ಸಾಹಿಗಳು ಹತ್ತು ಗೇಟ್‌ವೇಗಳನ್ನು ಆರೇ ವಾರಗಳಲ್ಲಿ ಕೂರಿಸಿ ಇಡೀ ನಗರಕ್ಕೆ ಹೊಂದುವ ಲೋರಾ ಜಾಲವನ್ನು ಕಟ್ಟಿದರು. ‘ದಿ ಥಿಂಗ್ಸ್ ನೆಟ್‌ವರ್ಕ್’ ಎಂಬ ಆ ಸಮುದಾಯ ಜಾಲ ಇಂದು ಹಲವು ದೇಶಗಳಲ್ಲಿ ಹರಡಿದೆ. ಒಂದು ಉಪಕರಣ ದಿನಕ್ಕೆ ಒಟ್ಟು 30 ಸೆಕೆಂಡಿಗಿಂತ ಹೆಚ್ಚು ಕಾಲ ಕೂಗಬಾರದು ಎಂಬುದು ಅಲ್ಲಿಯ ಹಂಚಿಕೆಯ ನಿಯಮ. ಎಸ್‌ಎಫ್ 12ರಲ್ಲಿ ಒಂದು ಕೂಗಿಗೆ ಒಂದೂವರೆ ಸೆಕೆಂಡು. ಎಂದರೆ ದಿನಕ್ಕೆ ಇಪ್ಪತ್ತೇ ಕೂಗು, 72 ನಿಮಿಷಕ್ಕೊಂದು. ಗುಡ್ಡದ ಮೇಲೆ ಬಿರುಮಳೆ ಸುರಿಯುವಾಗ 72 ನಿಮಿಷ ಬಹಳ ದೀರ್ಘ ಕಾಲ. ಹದಿನೈದು ನಿಮಿಷಕ್ಕೊಮ್ಮೆ, ದಿನಕ್ಕೆ 96 ಸಲ ವರದಿ ಬೇಕೆಂದರೆ 9ನೆಯ ಮೆಟ್ಟಿಲನ್ನು ದಾಟುವಂತಿಲ್ಲ. ಎಸ್‌ಎಫ್ 12ರಲ್ಲಿ ಅಳೆದು ಬರೆದ ಹಿಗ್ಗಿದ ನಕ್ಷೆ ಗೋಡೆಗೆ ಅಂಟಿಸಲು ಚಂದ. ಮಳೆಮಾಪಕಕ್ಕೆ ಬೇಕಾದದ್ದು ಎಸ್‌ಎಫ್ 9ರ ಕಿರಿದಾದ ನಕ್ಷೆ. ಹಾಗಾಗಿ ಅಳೆಯುವ ಹೊತ್ತಿಗೆ ಮೆಟ್ಟಿಲನ್ನು ತಾನಾಗಿ ಬದಲಿಸಿಕೊಳ್ಳುವ ಏರ್ಪಾಡನ್ನು ಆರಿಸಿ, 9ಕ್ಕೇ ಕಟ್ಟಿಹಾಕಿಡಬೇಕು.

ಇಷ್ಟು ಜಾಗ್ರತೆ ವಹಿಸಿದರೂ ಹತ್ತರಲ್ಲಿ ಒಂದೋ ಎರಡೋ ಸಂದೇಶ ಬಿದ್ದುಹೋದೀತು. ಅದಕ್ಕೆ ಉಪಾಯ ಅಂಗಡಿಯ ಲೆಕ್ಕದ ಪುಸ್ತಕದಲ್ಲಿದೆ. ‘ಈ ಹದಿನೈದು ನಿಮಿಷದಲ್ಲಿ ನಾಲ್ಕು ಮಿಲಿಮೀಟರು’ ಎಂದು ಕಳುಹುವ ಬದಲು ‘ಇಲ್ಲಿಯ ತನಕ ಒಟ್ಟು ಇಷ್ಟು’ ಎಂಬ ಬಾಕಿಯನ್ನೇ ಪ್ರತಿ ಸಲವೂ ಕಳುಹಿದರೆ, ನಡುವೆ ಎರಡು ಸಂದೇಶ ಕಾಣೆಯಾದರೂ ಮಳೆಯ ಲೆಕ್ಕ ತಪ್ಪುವುದಿಲ್ಲ.

ಈ ಅಳತೆಗಳನ್ನೆಲ್ಲ ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳಾಗಿ ಮೂಡಿಸುವ ಟಿಟಿಎನ್ ಮ್ಯಾಪರ್ ಎಂಬ ಸೌಲಭ್ಯ ಎಲ್ಲರಿಗೂ ತೆರೆದಿದೆ. ಉಪಯುಕ್ತವೇ. ಆದರೆ ಎರಡು ಕೊರತೆಗಳನ್ನು ತಿಳಿದಿರಬೇಕು. ಗೇಟ್‌ವೇಗೆ ಮುಟ್ಟಿದ ಸಂದೇಶ ಮಾತ್ರ ಚುಕ್ಕೆಯಾಗುತ್ತದೆ. ನಕ್ಷೆಯಲ್ಲಿ ಬರಿದಾಗಿರುವ ಜಾಗಕ್ಕೆ ಯಾರೂ ಹೋಗಲಿಲ್ಲವೋ, ಹೋಗಿ ಕೂಗಿದರೂ ಕೇಳಿಸಲಿಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಇಪ್ಪತ್ತರಲ್ಲಿ ಸೊನ್ನೆ ಬಂದ ಜಾಗಗಳ ಪಟ್ಟಿ ಶಾಲೆಯ ನೋಟುಪುಸ್ತಕದಲ್ಲಿಯೇ ಉಳಿಯಬೇಕು, ಆ ಪಟ್ಟಿಯೇ ಹೆಚ್ಚು ಬೆಲೆಯುಳ್ಳದ್ದು. ಎರಡನೆಯದು ಹೆತ್ತವರು ಗಮನಿಸಬೇಕಾದದ್ದು. ಈ ಚುಕ್ಕೆಗಳು ಲೋಕಕ್ಕೆಲ್ಲ ಕಾಣುತ್ತವೆ. ಮಗು ಉಪಕರಣವನ್ನು ಮನೆಯಿಂದಲೇ ಹೊತ್ತು ನಡೆದರೆ ಮನೆ ಯಾವುದು, ಶಾಲೆಗೆ ಹೋಗುವ ದಾರಿ ಯಾವುದು, ಹೊತ್ತು ಯಾವುದು ಎಂಬುದೆಲ್ಲ ನಕ್ಷೆಯಲ್ಲಿ ಬರೆದಿಟ್ಟಂತಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಉಪಕರಣವನ್ನು ಶಾಲೆಯ ಗೇಟಿನಲ್ಲಿ ಚಾಲೂ ಮಾಡಿ ಶಾಲೆಯ ಗೇಟಿನಲ್ಲಿಯೇ ಆರಿಸುವುದು, ಮಾಷ್ಟ್ರೊಬ್ಬರ ಜತೆಯಲ್ಲಿಯೇ ಮಕ್ಕಳನ್ನು ಕಳುಹುವುದು ಯಾರಿಗೂ ಭಾರವಾದ ಕೆಲಸವಲ್ಲ.

ಅಂಕಿ ಬಂದು ಮುಟ್ಟಿದ ಮೇಲೆ ಅದನ್ನು ಯಾರು, ಯಾವ ಭಾಷೆಯಲ್ಲಿ ಓದುತ್ತಾರೆ ಎಂಬ ಪ್ರಶ್ನೆಯೂ ಗಡಿಯ ಈಚೆಗಿನ ಕನ್ನಡಿಗರಿಗೆ ಸಣ್ಣದಲ್ಲ. ಮಿಲಿಮೀಟರಿಗೆ ಭಾಷೆಯಿಲ್ಲ, ಎಚ್ಚರಿಕೆಗೆ ಇದೆ. ಮಾಪಕದ ಲೆಕ್ಕ ಶಾಲೆಯ ಕೈಯಲ್ಲಿಯೇ ಇದ್ದರೆ, ‘ಇಂದು ರಾತ್ರಿ ತೋಡಿನ ಬದಿಯ ಮನೆಯವರು ಎಚ್ಚರ’ ಎಂಬ ಒಂದು ಸಾಲು ಅಜ್ಜಿಯಂದಿರಿಗೂ ತಿಳಿಯುವ ಕನ್ನಡದಲ್ಲಿ ಹೆತ್ತವರ ಮೊಬೈಲಿಗೆ ಹೋಗುವಂತೆ ಮಾಡಬಹುದು.

ಪತ್ತನಾಜೆಗೆ ಮೊದಲು, ಒಣ ಹವೆಯಲ್ಲಿ ಅಳೆದದ್ದು ಆಟಿಗೆ ಹೊಂದುವುದಿಲ್ಲ. ವಿಚಿತ್ರವೆಂದರೆ ಮಳೆಹನಿ ಈ ತರಂಗಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಲ್ಲ. 34 ಸೆಂಟಿಮೀಟರಿನ ತರಂಗದ ಮುಂದೆ ಹನಿ ತೀರ ಚಿಕ್ಕದು. ಕೂಗನ್ನು ನುಂಗುವುದು ನೀರು ಕುಡಿದು ತೊಯ್ದು ನಿಂತ ಎಲೆಗಳ ರಾಶಿ, ಹೊಸದಾಗಿ ಚಿಗುರಿ ದಟ್ಟವಾದ ಕಾಡು. ಆದ್ದರಿಂದ ಜೂನಿನಲ್ಲಿ ಮಳೆ ಹಿಡಿದ ಮೇಲೆ ಅದೇ ಜಾಗಗಳಿಗೆ, ಅದೇ ಉಪಕರಣದೊಂದಿಗೆ ಇನ್ನೊಮ್ಮೆ ಹೋಗಿ ಇಪ್ಪತ್ತು ಇಪ್ಪತ್ತು ಸಂದೇಶ ಕಳುಹಿ ಎಣಿಸಬೇಕು. ಬೇಸಿಗೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂದಿದ್ದ ಜಾಗ ಹನ್ನೊಂದಕ್ಕೆ ಇಳಿದಿದ್ದರೆ, ಮಾಪಕವನ್ನು ಒಂದಿಷ್ಟು ಮೇಲಕ್ಕೆ ಸರಿಸುವುದೋ ಎದುರು ಗುಡ್ಡೆಯಲ್ಲಿ ಇನ್ನೊಂದು ಗೇಟ್‌ವೇ ಇಡುವುದೋ ಎಂದು ಆಗ ಯೋಚಿಸಬೇಕು.

ಕೊನೆಯ ಪರೀಕ್ಷೆ ಶಾಲೆಯೊಳಗೇ ನಡೆಯಬೇಕಾದದ್ದು. ಬಿರುಮಳೆಯ ರಾತ್ರಿ ಮೊದಲು ಹೋಗುವುದು ಕರೆಂಟು. ಗುಡ್ಡದ ಮೇಲಿನ ಮಾಪಕ ಬ್ಯಾಟರಿಯಲ್ಲಿ ಕೂಗುತ್ತಲೇ ಇರುತ್ತದೆ, ಕೇಳಬೇಕಾದ ಗೇಟ್‌ವೇ ಆರಿಹೋಗಿರುತ್ತದೆ. ಗೇಟ್‌ವೇಗೆ ಬ್ಯಾಟರಿ ಕೊಟ್ಟವರೂ ಅಂತರ್ಜಾಲದ ರೂಟರಿಗೆ ಕೊಡಲು ಮರೆಯುತ್ತಾರೆ. ಮಳೆಯಿರುವ ಒಂದು ಶನಿವಾರ ಸಂಜೆ ಏಳಕ್ಕೆ ಮಾಷ್ಟ್ರು ಎರಡರ ಪ್ಲಗ್ಗನ್ನೂ ಕಿತ್ತು ಮನೆಗೆ ಹೋಗಲಿ. ಭಾನುವಾರ ಬೆಳಗ್ಗೆ ಏಳಕ್ಕೆ ಮಕ್ಕಳು ದಾಖಲೆಯನ್ನು ತೆರೆದು, ಹನ್ನೆರಡು ಗಂಟೆಯ 48 ಸಾಲುಗಳಲ್ಲಿ ಎಷ್ಟು ಬಂದಿವೆ ಎಂದು ಎಣಿಸಲಿ.